ಅತಿಕ್ರಮಣ ಮತ್ತು ಪ್ರತಿಕ್ರಮಣ

ಇಂಗ್ಲಿಷ್ ಭಾಷೆಯಲ್ಲಿ ಮುಂದೆ ಸಾಗಿ ನೆಲವನ್ನು ಗಳಿಸುವುದಕ್ಕೆ ಹಲವು ಪದಗಳಿವೆ. ಅವುಗಳಲ್ಲಿ ‘ಅಡ್ವಾನ್ಸ್’ ಎಂಬುದು ಹೊಗಳಿಕೆಯ ಪದ. ‘ಎನ್‌ಕ್ರೋಚ್’ ಎಂಬುದು ನಿಂದೆಯ ಪದ. ಎರಡರಲ್ಲೂ ಕಾಲು ಇಡುವುದು ಮುಂದಕ್ಕೇ. ಎರಡರ ಕೊನೆಯಲ್ಲೂ ನಡೆದವನ ಕೈಯಲ್ಲಿ ಮೊದಲಿಗಿಂತ ಹೆಚ್ಚು ನೆಲವಿರುತ್ತದೆ. ಹಾಗಿದ್ದರೂ ಒಂದನ್ನು ಮುನ್ನಡೆ ಎನ್ನುತ್ತೇವೆ, ಇನ್ನೊಂದನ್ನು ಒತ್ತುವರಿ ಎನ್ನುತ್ತೇವೆ. ಈ ಭೇದವು ಎಲ್ಲಿಂದ ಬಂತು ಎಂಬ ಪ್ರಶ್ನೆ ಕೇವಲ ನಿಘಂಟಿಗೆ ಸಂಬಂಧಿಸಿದ್ದಲ್ಲ. ಶ್ರಾವಕನ ಐದನೆಯ ಅಣುವ್ರತಕ್ಕೂ ಮೊದಲನೆಯ ಗುಣವ್ರತಕ್ಕೂ ಸಂಬಂಧಿಸಿದ್ದು.

‘ಎನ್‌ಕ್ರೋಚ್’ ಎಂಬ ಪದದ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಅಲ್ಲಿ ‘ಕ್ರೋಕ್’ ಎಂದರೆ ಕೊಕ್ಕೆ. ಕೊಕ್ಕೆ ಹಾಕಿ ಹಿಡಿದುಕೊಳ್ಳುವುದು ಎಂಬುದೇ ಈ ಪದದ ಮೊದಲ ಅರ್ಥ. ಇಂಗ್ಲಿಷಿಗೆ ಬಂದ ಕಾಲದಲ್ಲಿ ಅದು ಪರರ ಹಕ್ಕನ್ನೋ ಆಸ್ತಿಯನ್ನೋ ಅನ್ಯಾಯವಾಗಿ ವಶಪಡಿಸಿಕೊಳ್ಳುವುದನ್ನು ಸೂಚಿಸುತ್ತಿತ್ತು. ಕಾಲಕ್ರಮದಲ್ಲಿ ಅದಕ್ಕೆ ಮತ್ತೊಂದು ಛಾಯೆ ಸೇರಿತು: ಸ್ವಲ್ಪ ಸ್ವಲ್ಪವಾಗಿ, ಸದ್ದಿಲ್ಲದೆ, ಮೇರೆಯನ್ನು ಮೀರಿ ಒಳಗೆ ಬರುವುದು. ಇಂದು ಸಮುದ್ರವು ದಡವನ್ನು ನುಂಗುವುದಕ್ಕೂ, ಒಬ್ಬರ ಬಿಡುವಿನ ಸಮಯವನ್ನು ಇನ್ನೊಬ್ಬರು ಕಬಳಿಸುವುದಕ್ಕೂ ಅದೇ ಪದ ಬಳಕೆಯಾಗುತ್ತದೆ. ದರೋಡೆಗೆ ಈ ಪದ ಒಪ್ಪುವುದಿಲ್ಲ. ದರೋಡೆಯು ಒಂದೇ ರಾತ್ರಿಯ ಕೆಲಸ; ಇದು ವರ್ಷಗಳ ಕೆಲಸ.

ವ್ಯಾಕರಣದ ದೃಷ್ಟಿಯಿಂದಲೂ ಈ ಪದದಲ್ಲಿ ಒಂದು ವಿಶೇಷವಿದೆ. ‘ಅಡ್ವಾನ್ಸ್’ ಎಂಬ ಕ್ರಿಯೆಯನ್ನು ಹೇಳಿ ವಾಕ್ಯವನ್ನು ಮುಗಿಸಬಹುದು. ‘ಎನ್‌ಕ್ರೋಚ್’ ಎಂದು ಹೇಳಿದ ಮೇಲೆ ಸಾಮಾನ್ಯವಾಗಿ ‘ಆನ್’ ಅಥವಾ ‘ಅಪಾನ್’ ಎಂಬ ಉಪಪದ ಬರುತ್ತದೆ; ಅದರ ಹಿಂದೆಯೇ ಯಾರ ಮೇಲೆ, ಯಾವುದರ ಮೇಲೆ ಎಂಬ ಉತ್ತರವೂ ಬರಬೇಕಾಗುತ್ತದೆ. ಗೆದ್ದವನ ಹೆಸರಿನ ಜೊತೆಗೆ ಕಳೆದುಕೊಂಡವನ ಹೆಸರನ್ನೂ ಆ ವಾಕ್ಯ ಬಯಸುತ್ತದೆ. ಕನ್ನಡದ ‘ಒತ್ತುವರಿ’ಯಲ್ಲಿ ಕೊಕ್ಕೆಯ ಚಿತ್ರವಿಲ್ಲ; ಒತ್ತುವ ಮೈಯ ಚಿತ್ರವಿದೆ. ಒತ್ತಬೇಕಾದರೆ ಪಕ್ಕದಲ್ಲಿ ಇನ್ನೊಬ್ಬನಿರಬೇಕು. ಎರಡು ಭಾಷೆಗಳೂ ಬೇರೆ ಬೇರೆ ಚಿತ್ರಗಳ ಮೂಲಕ ಒಂದೇ ಸತ್ಯವನ್ನು ಹೇಳುತ್ತವೆ: ನೆರೆಯವನಿಲ್ಲದೆ ಒತ್ತುವರಿಯಿಲ್ಲ.

2009ರ ಡಿಸೆಂಬರಿನಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದವು ಮೂರು ತಾಲ್ಲೂಕುಗಳು: ಯಾದಗಿರಿ, ಶಹಾಪುರ ಮತ್ತು ಸುರಪುರ. ಭೀಮಾ ಮತ್ತು ಕೃಷ್ಣಾ ನದಿಗಳು ಹರಿಯುವ ಈ ಸೀಮೆಯ ರೈತರಿಗೆ ಒತ್ತುವರಿಯ ಅರ್ಥವನ್ನು ನಿಘಂಟು ನೋಡಿ ತಿಳಿಯಬೇಕಾದ ಅಗತ್ಯವಿಲ್ಲ. ಬಾಂದುಕಲ್ಲು, ಬದು, ಹದ್ದುಬಸ್ತು, ಕಬ್ಜಾ ಎಂಬ ಪದಗಳು ಅಲ್ಲಿಯ ದಿನದ ಮಾತಿನಲ್ಲಿ ಸೇರಿಹೋಗಿವೆ. ‘ಹದ್ದು’ ಎಂದರೆ ಹೊಲದ ಮೇರೆಯೂ ಹೌದು, ಮನುಷ್ಯನ ನಡತೆಯ ಮೇರೆಯೂ ಹೌದು. ಹದ್ದು ಮೀರಿದ ಮಗನನ್ನು ಗದರುವ ತಂದೆಯೂ, ಹದ್ದು ಅಳೆಯಲು ಬಂದ ಭೂಮಾಪಕನೂ ಒಂದೇ ಪದವನ್ನು ಬಳಸುತ್ತಾರೆ.

ಈ ಸೀಮೆಯ ಒಂದು ಕರಿನೆಲದ ಹೊಲವನ್ನು ಊಹಿಸಿಕೊಳ್ಳಬಹುದು. ಅದರ ಒಂದು ಬದುವಿನ ಉದ್ದ 660 ಅಡಿ ಎನ್ನೋಣ. ಭೂಮಾಪನದಲ್ಲಿ ಬಳಸುತ್ತಿದ್ದ 33 ಅಡಿಯ ಸರಪಳಿಯಲ್ಲಿ ಅದು 20 ಸರಪಳಿ. ಬದುವಿನ ಆಚೆಯ ರೈತನು ಪ್ರತಿವರ್ಷ ಉಳುವಾಗ ಒಂದೇ ಒಂದು ಸಾಲನ್ನು, ಅಂದರೆ ಒಂಬತ್ತು ಅಂಗುಲ ಅಗಲದ ನೆಲವನ್ನು, ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಂಬತ್ತು ಅಂಗುಲವನ್ನು ಯಾರೂ ಗಮನಿಸುವುದಿಲ್ಲ. ಗಮನಿಸಿದರೂ ಅಷ್ಟಕ್ಕಾಗಿ ಜಗಳವಾಡುವುದು ಸಣ್ಣತನವೆಂದು ಸುಮ್ಮನಾಗುತ್ತಾರೆ. ಆದರೆ ಲೆಕ್ಕವು ಸುಮ್ಮನಿರುವುದಿಲ್ಲ. ಒಂದು ವರ್ಷಕ್ಕೆ 495 ಚದರ ಅಡಿ. 22 ವರ್ಷಗಳಿಗೆ 10,890 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಅದು ಸರಿಯಾಗಿ 10 ಗುಂಟೆ, ಎಂದರೆ ಕಾಲು ಎಕರೆ. ನೇಗಿಲು ಹಿಡಿದವನು ಮುದುಕನಾಗುವಷ್ಟರಲ್ಲಿ ನೆರೆಯವನ ಮಕ್ಕಳ ಪಾಲಿಗೆ ಬರಬೇಕಾಗಿದ್ದ ಕಾಲು ಎಕರೆ ಸದ್ದಿಲ್ಲದೆ ಸರಿದಿರುತ್ತದೆ. ಯಾವ ವರ್ಷ ಕಳವು ನಡೆಯಿತೆಂದು ಕೇಳಿದರೆ ಯಾವ ವರ್ಷವನ್ನೂ ತೋರಿಸಲಾಗದು.

ಅಳತೆಯ ವಿಷಯ ಬಂದಾಗ ಈ ಸೀಮೆಗೆ ಸಮೀಪದ ಮಳಖೇಡ ನೆನಪಾಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಅದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಕ್ಷೇತ್ರಗಣಿತಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ನಾಲ್ಕು ಬದಿಗಳ ನೆಲವನ್ನೂ ದುಂಡಾದ ನೆಲವನ್ನೂ ಅಳೆಯುವ ರೀತಿಯನ್ನು ಮುಕ್ತಿಮಾರ್ಗದ ಅನುಯಾಯಿಯೊಬ್ಬರು ಶ್ರದ್ಧೆಯಿಂದ ಬರೆದರು ಎಂಬುದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಅಳತೆ ಗೊತ್ತಿಲ್ಲದವನಿಗೆ ಪರಿಮಾಣವ್ರತವಿಲ್ಲ. ಎಷ್ಟು ಇದೆ ಎಂದು ಅರಿಯದವನು ಎಷ್ಟು ಸಾಕು ಎಂದು ಹೇಗೆ ಹೇಳಿಯಾನು?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಬರುವ ವಸ್ತು ಹಿರಣ್ಯವಲ್ಲ, ಸುವರ್ಣವಲ್ಲ, ಕ್ಷೇತ್ರ. ಎಂದರೆ ಹೊಲ. ದಿಗ್ವ್ರತದ ಅತಿಚಾರಗಳಲ್ಲಿ ನಾಲ್ಕನೆಯದು ‘ಕ್ಷೇತ್ರವೃದ್ಧಿ’, ಐದನೆಯದು ‘ಸ್ಮೃತ್ಯಂತರಾಧಾನ’. ಇಂಗ್ಲಿಷಿನವರು ಕೊಕ್ಕೆಯಿಂದಲೂ ಕನ್ನಡಿಗರು ಒತ್ತಡದಿಂದಲೂ ಸೂಚಿಸಿದ ಕ್ರಿಯೆಗೆ ಜೈನಾಚಾರ್ಯರು ಇಟ್ಟ ಹೆಸರು ಕ್ಷೇತ್ರವೃದ್ಧಿ. ಕೇಳಲು ಇದು ಅಭ್ಯುದಯದ ಮಾತಿನಂತಿದೆ. ದೋಷಕ್ಕೆ ಇಷ್ಟು ಸುಂದರವಾದ ಹೆಸರಿಟ್ಟದ್ದು ಅರ್ಥಗರ್ಭಿತವಾಗಿದೆ; ಏಕೆಂದರೆ ಒತ್ತುವರಿ ಮಾಡುವವನು ತನ್ನ ಕೆಲಸವನ್ನು ಎಂದೂ ಒತ್ತುವರಿ ಎಂದು ಕರೆಯುವುದಿಲ್ಲ, ವೃದ್ಧಿ ಎಂದೇ ಕರೆಯುತ್ತಾನೆ.

ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಈ ಅತಿಚಾರವನ್ನು ವಿವರಿಸುವಾಗ ಕಾಲು ಗಡಿ ದಾಟಿತೇ ಎಂದು ಮೊದಲು ಕೇಳುವುದಿಲ್ಲ. ಲೋಭದ ಆವೇಶದಿಂದ, ತಾನೇ ನಿಶ್ಚಯಿಸಿಕೊಂಡ ಮೇರೆಗಿಂತ ಹೆಚ್ಚು ಬೇಕೆಂಬ ಅಭಿಸಂಧಿ ಹುಟ್ಟಿದರೆ ಸಾಕು, ಕ್ಷೇತ್ರವೃದ್ಧಿಯಾಯಿತು. ಪೂರ್ವಕ್ಕೆ ನೂರು ಯೋಜನ, ಪಶ್ಚಿಮಕ್ಕೆ ನೂರು ಯೋಜನ ಎಂದು ಮೇರೆ ಮಾಡಿಕೊಂಡವನು ವ್ಯಾಪಾರದ ಆಸೆಯಿಂದ ಪಶ್ಚಿಮದಲ್ಲಿ ಹತ್ತು ಯೋಜನ ಕಡಿಮೆ ಮಾಡಿ ಪೂರ್ವದಲ್ಲಿ ಹತ್ತು ಯೋಜನ ಕೂಡಿಸಿಕೊಂಡರೂ ಅದು ಅತಿಚಾರವೇ ಎಂದು ಶ್ರಾವಕಾಚಾರದ ವ್ಯಾಖ್ಯಾನಗಳು ಹೇಳುತ್ತವೆ. ಒಟ್ಟು ಲೆಕ್ಕ ಸರಿಯಿದೆಯಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಸ್ಥಾನವಿಲ್ಲ. ನೆರೆಯವನ ಬದುವನ್ನು ಒತ್ತಿದವನು ದೇವಾಲಯಕ್ಕೆ ದಾನ ಕೊಟ್ಟು ಮನಸ್ಸನ್ನು ಹಗುರಮಾಡಿಕೊಳ್ಳುವುದೂ ಇಂತಹ ಕೂಡುವ ಕಳೆಯುವ ಲೆಕ್ಕವೇ. ಒಂದು ದಿಕ್ಕಿನಲ್ಲಿ ಬಿಟ್ಟುಕೊಟ್ಟದ್ದು ಇನ್ನೊಂದು ದಿಕ್ಕಿನಲ್ಲಿ ಒತ್ತಿದ್ದನ್ನು ತೊಳೆಯದು.

ಸ್ಮೃತ್ಯಂತರಾಧಾನವು ಇನ್ನೂ ಸೂಕ್ಷ್ಮವಾದುದು. ಮಾಡಿಕೊಂಡ ಮೇರೆಯನ್ನು ಮರೆಯುವುದೇ ಒಂದು ಅತಿಚಾರ. ಲೋಕದಲ್ಲಿ ಮರೆವನ್ನು ಕ್ಷಮಿಸುವುದು ರೂಢಿ. ಆಚಾರ್ಯರು ಕ್ಷಮಿಸಲಿಲ್ಲ; ಕಾರಣ, ಮೇರೆಯ ವಿಷಯದಲ್ಲಿ ಮರೆವು ತಾನಾಗಿ ಬರುವುದು ಕಡಿಮೆ, ಲಾಭವು ಅದನ್ನು ಕರೆತರುವುದು ಹೆಚ್ಚು. ಕಲ್ಲು ಎಲ್ಲಿತ್ತು ಎಂಬುದನ್ನು ನೆಲ ಕಳೆದುಕೊಂಡವನು ಸಾಯುವವರೆಗೂ ಮರೆಯುವುದಿಲ್ಲ. ಪಡೆದುಕೊಂಡವನು ಎರಡು ಸುಗ್ಗಿಯೊಳಗೆ ಮರೆತಿರುತ್ತಾನೆ.

ಇಂದಿನ ಕಾನೂನು ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಪರರ ಜಮೀನನ್ನು ಬಹಿರಂಗವಾಗಿ, ನಿರಂತರವಾಗಿ, ಒಡೆಯನ ಹಕ್ಕಿಗೆ ವಿರುದ್ಧವಾಗಿ 12 ವರ್ಷಗಳ ಕಾಲ ಅನುಭವಿಸಿದವನನ್ನು ಬಿಡಿಸಲು ಒಡೆಯನಿಗೆ ಹಕ್ಕು ಉಳಿಯುವುದಿಲ್ಲ. ಸರಕಾರದ ಜಮೀನಾದರೆ ಆ ಅವಧಿ 30 ವರ್ಷ. ಈ ನಿಯಮವು ತರ್ಕಕ್ಕೆ ಒಪ್ಪುವಂತಹುದಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 2008ರ ಒಂದು ತೀರ್ಪಿನಲ್ಲಿ ಕಟುವಾಗಿ ನುಡಿಯಿತು. 2023ರಲ್ಲಿ ಕಾನೂನು ಆಯೋಗವು ತನ್ನ 280ನೆಯ ವರದಿಯಲ್ಲಿ ಬದಲಾವಣೆ ಬೇಡವೆಂದಿತು. ಹಕ್ಕಿನ ವ್ಯಾಜ್ಯಗಳಿಗೆ ಎಲ್ಲಿಯಾದರೂ ಒಂದು ಕೊನೆ ಬೇಕೆಂಬ ವಾದದಲ್ಲಿ ವ್ಯವಹಾರದ ವಿವೇಕವಿದೆ. ಆದರೆ ಕೊನೆಗಾಣುವುದು ವ್ಯಾಜ್ಯ ಮಾತ್ರ. ಹನ್ನೆರಡು ವರ್ಷ ಕಳೆದ ಕೂಡಲೇ ಕರ್ಮದ ಬಂಧವೂ ಸಡಿಲವಾಗುತ್ತದೆಂದು ಯಾವ ಆಗಮವೂ ಹೇಳಿಲ್ಲ. ಕಾನೂನಿನಲ್ಲಿ ಕಾಲವು ಒತ್ತುವರಿಗೆ ಬಲವನ್ನು ಕೊಡುತ್ತದೆ. ಧರ್ಮದಲ್ಲಿ ಅದೇ ಕಾಲವು ಅದರ ಭಾರವನ್ನು ಹೆಚ್ಚಿಸುತ್ತದೆ.

ಬದುವನ್ನು ಮುಟ್ಟದೆಯೂ ಒತ್ತುವರಿ ಮಾಡಬಹುದು ಎಂಬುದಕ್ಕೆ ಈ ಸೀಮೆಯ ಕಾಲುವೆಗಳೇ ಸಾಕ್ಷಿ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಮುಂದೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಒಣಭೂಮಿಗೆ ಹರಿಯಿತು. ಜೋಳ, ತೊಗರಿ, ಶೇಂಗಾಗಳಂತಹ ಕಡಿಮೆ ನೀರಿನ ಬೆಳೆಗಳನ್ನು ಗಮನದಲ್ಲಿಟ್ಟುಕೊಂಡು ಹೆಚ್ಚು ಹೊಲಗಳಿಗೆ ಹಂಚುವಂತೆ ರೂಪಿಸಿದ ನೀರಾವರಿ ಅದು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದವು. ಭತ್ತಕ್ಕೆ ನೀರು ನಿಲ್ಲಬೇಕು. ಮೇಲೆ ನಿಂತ ನೀರು ಕೆಳಗೆ ಹರಿಯದು. ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ಮೊರೆಯಿಡುವುದು ವರ್ಷವರ್ಷದ ಮಾತಾಯಿತು. ಕಚೇರಿಯ ಭಾಷೆಯಲ್ಲಿ ಇದರ ಹೆಸರು ಬೆಳೆ ಪದ್ಧತಿಯ ಉಲ್ಲಂಘನೆ. ಮೇಲಿನವನು ಉತ್ತಿದ್ದು ತನ್ನದೇ ಹೊಲ, ಬಿತ್ತಿದ್ದು ತನ್ನದೇ ಬೀಜ. ಪಹಣಿಯಲ್ಲಿ ಒಂದು ಅಂಗುಲವೂ ವ್ಯತ್ಯಾಸವಿಲ್ಲ. ಆದರೂ ಎಷ್ಟೋ ಮೈಲಿ ಕೆಳಗೆ, ತಾನು ಮುಖವನ್ನೇ ಕಾಣದ ಒಬ್ಬನ ಹೊಲವನ್ನು ಅವನು ಒತ್ತಿದ್ದಾನೆ.

ಆ ಒತ್ತುವರಿಯ ಫಲ ಕೆಳಗಿನವನಿಗೆ ಮಾತ್ರ ತಟ್ಟುವುದಿಲ್ಲ. ಕರಿನೆಲವು ನೀರನ್ನು ಬೇಗ ಬಸಿದುಹೋಗಲು ಬಿಡದು. ವರ್ಷಕ್ಕೆರಡು ಬಾರಿ ನೀರು ನಿಲ್ಲಿಸಿದಲ್ಲಿ ಅಂತರ್ಜಲವು ಮೇಲೇರಿ, ನೆಲದಾಳದ ಉಪ್ಪನ್ನು ಹೊತ್ತು ತಂದು, ನೀರು ಆವಿಯಾದ ಮೇಲೆ ಆ ಉಪ್ಪನ್ನು ಮೇಲ್ಮೈಯಲ್ಲಿ ಬಿಡುತ್ತದೆ. ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಸವಳೂ ಒಂದು ಒತ್ತುವರಿಯೇ. ಮೊದಲು ಹೊಲದ ತಗ್ಗಿನ ಮೂಲೆ ಬೆಳ್ಳಗಾಗುತ್ತದೆ, ಆಮೇಲೆ ವರ್ಷಕ್ಕೆ ಒಂದಿಷ್ಟು ಮುಂದೆ ಬರುತ್ತದೆ. ಹೆಚ್ಚು ಬಯಸಿದ ಹೊಲವೇ ಕೊನೆಗೆ ಏನನ್ನೂ ಬೆಳೆಯದಂತಾಗುತ್ತದೆ. ಪರರ ಹಿಂಸೆಯು ಆತ್ಮಹಿಂಸೆಯೂ ಹೌದೆಂಬ ಜೈನತತ್ತ್ವಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ನಿದರ್ಶನ ಬೇಕಿಲ್ಲ.

ರಾಜ್ಯಗಳ ನಡೆಯಲ್ಲೂ ಇದೇ ಕ್ರಮ ಕಾಣುತ್ತದೆ. ಸುರಪುರದ ನಾಯಕರ ಸಂಸ್ಥಾನವನ್ನು ಕಂಪನಿಯವರು ಒಂದೇ ಏಟಿಗೆ ಗೆದ್ದುಕೊಳ್ಳಲಿಲ್ಲ. 1840ರ ದಶಕದಲ್ಲಿ ಅರಸನು ಬಾಲಕನಾಗಿದ್ದಾಗ ಆಡಳಿತವನ್ನು ನೋಡಿಕೊಳ್ಳಲು ಮೆಡೋಸ್ ಟೇಲರ್ ಎಂಬ ಅಧಿಕಾರಿ ಬಂದನು. 1853ರಲ್ಲಿ ಅಧಿಕಾರವನ್ನು ಯುವಕ ರಾಜಾ ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೋದನು. ಅದೇ ವರ್ಷ ಸೈನ್ಯದ ಖರ್ಚಿನ ಸಾಲವೆಂಬ ಕೊಕ್ಕೆಯನ್ನು ಹಾಕಿ ಕಂಪನಿಯು ನಿಜಾಮನಿಂದ ಬೇರಾರನ್ನೂ ರಾಯಚೂರು ದೋಆಬನ್ನೂ ಪಡೆದುಕೊಂಡಿತು. 1858ರ ಬಂಡಾಯದಲ್ಲಿ ವೆಂಕಟಪ್ಪ ನಾಯಕನು ಸೆರೆಯಾಗಿ ಪ್ರಾಣ ಕಳೆದುಕೊಂಡನು. 1860ರಲ್ಲಿ ಸುರಪುರವು ನಿಜಾಮನಿಗೆ ಬಹುಮಾನವಾಗಿ ಸಂದಿತು. ಟೇಲರನನ್ನು ಸುರಪುರದ ಜನ ಇಂದಿಗೂ ದ್ವೇಷದಿಂದ ನೆನೆಯುವುದಿಲ್ಲ. ಅವನು ಬಾಲಕ ಅರಸನನ್ನು ವಾತ್ಸಲ್ಯದಿಂದ ಕಂಡವನು. ಆದರೆ ಅವನ ಸೌಜನ್ಯದಿಂದ ಒತ್ತುವರಿಯ ಸ್ವರೂಪ ಬದಲಾಗಲಿಲ್ಲ. ಕೊಕ್ಕೆ ಹಿಡಿದ ಕೈ ಮೃದುವಾಗಿದ್ದ ಮಾತ್ರಕ್ಕೆ ಕೊಕ್ಕೆ ಕೊಕ್ಕೆಯಲ್ಲದೆ ಹೋಗದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಮುಂದೆ ಸಾಗುವುದೆಲ್ಲವೂ ದೋಷವಾದರೆ ಲೋಕವು ನಡೆಯುವುದು ಹೇಗೆ? ಕಾಡು ಕಡಿಯದೆ ಊರಿಲ್ಲ, ಹೊಸ ಅಂಗಡಿ ತೆರೆದರೆ ಹಳೆಯ ಅಂಗಡಿಗೆ ಗಿರಾಕಿ ಕಡಿಮೆಯಾಗದೆ ಇರುವುದಿಲ್ಲ. ಶ್ರಾವಕನು ಮುನಿಯಲ್ಲ, ಅವನಿಗೆ ಮನೆ, ಮಕ್ಕಳು, ವ್ಯಾಪಾರ ಇವೆ. ಈ ಆಕ್ಷೇಪಣೆ ನ್ಯಾಯವಾದದ್ದು. ಅದಕ್ಕಾಗಿಯೇ ಶ್ರಾವಕನಿಗೆ ವಿಧಿಸಿದ್ದು ಅಪರಿಗ್ರಹದ ಮಹಾವ್ರತವಲ್ಲ, ಪರಿಮಾಣದ ಅಣುವ್ರತ. ಎಷ್ಟು ಎಂಬುದನ್ನು ಶಾಸ್ತ್ರವು ಅವನ ಮೇಲೆ ಹೇರಲಿಲ್ಲ. ಅವನೇ ನಿಶ್ಚಯಿಸಲಿ ಎಂದಿತು. ಲಾಭದ ಸಂದರ್ಭ ಬರುವ ಮೊದಲು ನಿಶ್ಚಯಿಸಲಿ, ಬಂದಾಗ ಮರೆಯದಿರಲಿ ಎಂದಷ್ಟೇ ಕೇಳಿತು. ಮುನ್ನಡೆಗೂ ಒತ್ತುವರಿಗೂ ಇರುವ ಭೇದವು ಆ ನಿಶ್ಚಯದಲ್ಲಿದೆ, ಜೊತೆಗೆ ‘ಯಾರ ಮೇಲೆ’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಧೈರ್ಯದಲ್ಲಿದೆ. ಆ ಪ್ರಶ್ನೆಗೆ ಒಬ್ಬನ ಹೆಸರು ಉತ್ತರವಾಗಿ ಬಂದರೆ, ನಡೆದವನು ಅಲ್ಲಿಯೇ ನಿಲ್ಲಬೇಕು.

ಯಾರ ಮೇಲೆಯೂ ಅಲ್ಲದ ಮುನ್ನಡೆಯೂ ಒಂದಿದೆ. ಅದು ಗುಣಸ್ಥಾನಗಳ ಹದಿನಾಲ್ಕು ಮೆಟ್ಟಿಲುಗಳಲ್ಲಿ ಜೀವವು ಏರುವ ನಡೆ. ಅಲ್ಲಿ ಒಬ್ಬನು ಗಳಿಸಿದ ಜ್ಞಾನದಿಂದ ಇನ್ನೊಬ್ಬನ ಜ್ಞಾನ ಕುಂದುವುದಿಲ್ಲ. ಅಲ್ಲಿಯೂ ಎಚ್ಚರಿಕೆ ಬೇಕೆಂಬುದಕ್ಕೆ ಹನ್ನೊಂದನೆಯ ಉಪಶಾಂತಮೋಹ ಗುಣಸ್ಥಾನವೇ ಪ್ರಮಾಣ. ಮೋಹವನ್ನು ಕ್ಷಯಮಾಡದೆ ಅಡಗಿಸಿಟ್ಟು ಅಲ್ಲಿಗೇರಿದ ಜೀವವು ಕೆಳಗಿಳಿಯಲೇಬೇಕು. ಒಳಗಿನ ನೆಲವೂ ಒತ್ತಿ ಹಿಡಿದರೆ ಉಳಿಯುವುದಿಲ್ಲ.

ವ್ರತಭಂಗದ ನಾಲ್ಕು ಹಂತಗಳನ್ನು ಅಮಿತಗತಿ ಆಚಾರ್ಯರು ಹೆಸರಿಸಿದ್ದಾರೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಇವನ್ನು ತಿಳಿಸಲು ಮುದಿ ಎತ್ತಿನ ದೃಷ್ಟಾಂತವೊಂದು ಪರಂಪರೆಯಲ್ಲಿದೆ. ಬೇಲಿಯಾಚೆಯ ಹಸಿರು ಪೈರನ್ನು ಕಂಡು ಎತ್ತಿಗೆ ಆಸೆಯಾಗುವುದು ಅತಿಕ್ರಮ. ಬೇಲಿಯ ಸಂದಿಯಲ್ಲಿ ಕತ್ತು ತೂರಿಸುವುದು ವ್ಯತಿಕ್ರಮ. ಒಂದು ತುತ್ತನ್ನು ಕೀಳುವುದು ಅತಿಚಾರ. ಬೇಲಿ ಮುರಿದು ಒಳಹೊಕ್ಕು ನಿಶ್ಚಿಂತೆಯಿಂದ ಮೇಯುವುದು ಅನಾಚಾರ. ನ್ಯಾಯಾಲಯದ ಕಣ್ಣಿಗೆ ಬೀಳುವುದು ನಾಲ್ಕನೆಯದು. ನೆರೆಯವನ ಕಣ್ಣಿಗೆ ಮೂರನೆಯದು. ಮೊದಲನೆಯದನ್ನು ಕಾಣಬಲ್ಲವನು ಆ ಮನುಷ್ಯನೊಬ್ಬನೇ. ಆದ್ದರಿಂದ ಅದನ್ನು ತಡೆಯಬಲ್ಲವನೂ ಅವನೊಬ್ಬನೇ.

ಕನ್ನಡದ ಪತ್ರಿಕೆಗಳಲ್ಲಿಯೂ ಕಂದಾಯ ಕಚೇರಿಗಳಲ್ಲಿಯೂ ಒತ್ತುವರಿಗೆ ಬಳಸುವ ಇನ್ನೊಂದು ಪದ ‘ಅತಿಕ್ರಮಣ’. ಜೈನರ ನಿತ್ಯಕರ್ಮಗಳಲ್ಲಿ ಬರುವ ಪದ ‘ಪ್ರತಿಕ್ರಮಣ’. ಎರಡರ ಧಾತುವೂ ಒಂದೇ, ಹೆಜ್ಜೆಯಿಡುವುದು. ಮೇರೆ ದಾಟಿ ಇಟ್ಟ ಹೆಜ್ಜೆ ಅತಿಕ್ರಮಣ, ಹಿಂದಿರುಗಿ ಇಟ್ಟ ಹೆಜ್ಜೆ ಪ್ರತಿಕ್ರಮಣ. ಪ್ರತಿಕ್ರಮಣವೆಂದರೆ ಪಾಠವನ್ನು ಓದಿ ಮುಗಿಸುವುದು ಎಂದು ಭಾವಿಸಿದರೆ ಪದದ ಕಾಲನ್ನೇ ಕತ್ತರಿಸಿದಂತೆ. ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ಕೈಮುಗಿದು ಕ್ಷಮೆ ಕೇಳುವವನು, ಕೇಳಿಸಿಕೊಳ್ಳುವವನ ಹತ್ತು ಗುಂಟೆ ತನ್ನ ಬದುವಿನೊಳಗಿದೆ ಎಂಬುದನ್ನು ಬಲ್ಲನಾದರೆ, ಅವನ ನಾಲಗೆ ಹಿಂದೆ ಬಂದಿದೆ, ಕಾಲು ಬಂದಿಲ್ಲ.

ಹಿಂದಿರುಗುವುದು ಸುಲಭವಲ್ಲ. ಒತ್ತಿದವನು ತಂದೆ, ಅನುಭವಿಸುತ್ತಿರುವವನು ಮಗ ಎಂದಾಗ ಇನ್ನೂ ಕಷ್ಟ. ಮಗನು ಕದಿಯಲಿಲ್ಲ, ಆದರೆ ತಿಳಿದ ದಿನದಿಂದ ಅವನೂ ಇಟ್ಟುಕೊಂಡವನೇ. ಅವನಿಗೆ ಶಾಸ್ತ್ರವು ಮಹಾತ್ಯಾಗವನ್ನು ಹೇಳುವುದಿಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ನೆರೆಯವನ ಎದುರಿನಲ್ಲಿ ಸರಪಳಿ ಹಿಡಿಸಿ, ಕಲ್ಲನ್ನು ಅದರ ಸ್ಥಳಕ್ಕೆ ಮರಳಿಸಿದರೆ ಸಾಕು. ಆ ದಿನ ಅವನ ಹೊಲ ಹತ್ತು ಗುಂಟೆ ಕಿರಿದಾಗುತ್ತದೆ. ಮರುವರ್ಷ ಉಳುವಾಗ ನೇಗಿಲು ಬದುವಿನ ಬಳಿ ಬಂದು ತಿರುಗುತ್ತದೆ. ಬದುವಿನ ಆಚೆ ನಿಂತ ನೆರೆಯವನು ಅದನ್ನು ನೋಡುತ್ತಾನೆ.